ಕಾನೂನು ಕೇಳಿ: ಗಣಿಯ ದೂಳು, ಭಟ್ಟಿಯ ಹೊಗೆ, ಕಾವಲಿನ ಹುಲ್ಲು

ಈ ಸಂಚಿಕೆಗೆ ಬಂದ ಪತ್ರಗಳಲ್ಲಿ ಹೆಚ್ಚಿನವು ಚಿತ್ರದುರ್ಗ ಮತ್ತು ದಾವಣಗೆರೆ ಜಿಲ್ಲೆಗಳವು. ಬಹುತೇಕ ಎಲ್ಲವೂ ಪರಿಸರ ಕಾನೂನನ್ನು ಕುರಿತವು. ಒಂದೇ ವಿಷಯದ ಪತ್ರಗಳನ್ನು ಒಟ್ಟುಗೂಡಿಸಿ, ಬರೆದವರ ಹೆಸರು ಕೈಬಿಟ್ಟು, ತಾಲ್ಲೂಕನ್ನಷ್ಟೇ ಉಳಿಸಿಕೊಂಡು ಉತ್ತರಿಸಲಾಗಿದೆ.

ಪ್ರಶ್ನೆ: ಮಾನ್ಯರೇ, ನನಗೆ ನಾಲ್ಕು ಎಕರೆ ಅಡಿಕೆ ತೋಟವಿದೆ. ಸಮೀಪದ ಕಬ್ಬಿಣದ ಅದಿರಿನ ಗಣಿಯೊಂದು ಉತ್ಪಾದನೆ ಹೆಚ್ಚಿಸಲು ಅರ್ಜಿ ಹಾಕಿದ್ದು, ಮುಂದಿನ ತಿಂಗಳು ಪರಿಸರ ಸಾರ್ವಜನಿಕ ಆಲಿಕೆ ಸಭೆ ಇದೆಯೆಂದು ಪತ್ರಿಕೆಯಲ್ಲಿ ಪ್ರಕಟಣೆ ಬಂದಿದೆ. ಹಿಂದಿನ ಸಭೆಯಲ್ಲಿ ಪರ–ವಿರೋಧದ ಕೂಗಾಟವೇ ಆಯಿತು, ಗಣಿಯೂ ನಡೆಯಿತು. ಮತ್ತೆ ಹೋಗುವುದರಿಂದ ಪ್ರಯೋಜನವಿದೆಯೇ? ಅಭಿವೃದ್ಧಿಗೆ ಅಡ್ಡಗಾಲು ಹಾಕಿದರೆಂಬ ಹೆಸರೂ ನಮಗೆ ಬೇಡ, ತೋಟ ಉಳಿದರೆ ಸಾಕು. (ಹೊಳಲ್ಕೆರೆ ತಾಲ್ಲೂಕು)

ಉತ್ತರ: ಹೋಗಲೇಬೇಕು. ಆದರೆ ಸಭೆಯ ದಿನ ಬರುವಷ್ಟರಲ್ಲಿ ನಿಮ್ಮ ಕೆಲಸದ ಮುಕ್ಕಾಲು ಪಾಲು ಮುಗಿದಿರಬೇಕು. 2006ರ ಸೆಪ್ಟೆಂಬರ್ 14ರ ಪರಿಸರ ಪ್ರಭಾವ ಮೌಲ್ಯಮಾಪನ ಅಧಿಸೂಚನೆಯ ಪ್ರಕಾರ ಸಭೆಗೆ ಕನಿಷ್ಠ 30 ದಿನ ಮೊದಲು ಪ್ರಕಟಣೆ ಹೊರಡಬೇಕು. ಆ ಅವಧಿಯಲ್ಲಿ ಕರಡು ಮೌಲ್ಯಮಾಪನ ವರದಿಯೂ ಅದರ ಕನ್ನಡ ಸಾರಾಂಶವೂ ಜಿಲ್ಲಾಧಿಕಾರಿ ಕಚೇರಿ, ಜಿಲ್ಲಾ ಪಂಚಾಯಿತಿ, ಜಿಲ್ಲಾ ಕೈಗಾರಿಕಾ ಕೇಂದ್ರ ಮತ್ತು ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಾದೇಶಿಕ ಕಚೇರಿಯಲ್ಲಿ ಸಾರ್ವಜನಿಕರ ಓದಿಗೆ ಸಿಗಬೇಕು. ಸಭೆಗೆ ಹೋಗುವವರಲ್ಲಿ ಈ ವರದಿಯನ್ನು ತೆರೆದು ನೋಡಿದವರು ತೀರಾ ಕಡಿಮೆ. ಕೂಗಾಟಕ್ಕೆ ಅದೇ ಮೂಲ ಕಾರಣ. ಕೈಯಲ್ಲಿ ಹಿಡಿದು ಕೇಳಲು ಏನೂ ಇಲ್ಲದವನು ಧ್ವನಿ ಏರಿಸಬೇಕಾಗುತ್ತದೆ.

ವರದಿ ನೂರಾರು ಪುಟಗಳಿದ್ದರೂ ನಿಮಗೆ ಬೇಕಾದುದು ಕೆಲವೇ ಪುಟ. ಗಾಳಿಯಲ್ಲಿನ ದೂಳನ್ನು ಯಾವ ತಿಂಗಳುಗಳಲ್ಲಿ ಅಳೆದಿದ್ದಾರೆ, ಅಳೆಯುವ ಯಂತ್ರವನ್ನು ಎಲ್ಲಿ ಇಟ್ಟಿದ್ದರು ಎಂಬುದನ್ನು ಮೊದಲು ನೋಡಿ. ಸಾಮಾನ್ಯವಾಗಿ ಗಣಿಯ ಸುತ್ತ 10 ಕಿಲೊಮೀಟರ್ ವ್ಯಾಪ್ತಿಯಲ್ಲಿ, ಮಳೆಗಾಲ ಬಿಟ್ಟು ಒಂದು ಋತುವಿನಲ್ಲಿ ಈ ಅಳತೆ ನಡೆಯುತ್ತದೆ. ಯಂತ್ರವಿದ್ದ ಜಾಗ ಗಾಳಿ ಬೀಸಿ ಬರುವ ದಿಕ್ಕಿಗಿದ್ದು ನಿಮ್ಮ ತೋಟ ಗಾಳಿ ಸಾಗುವ ದಿಕ್ಕಿಗಿದ್ದರೆ, ವರದಿಯಲ್ಲಿನ ಅಂಕಿಗೂ ನಿಮ್ಮ ಅಡಿಕೆ ಹಿಂಗಾರದ (ಹೂಗೊಂಚಲಿನ) ಮೇಲೆ ಕೂತ ಕೆಂಪು ದೂಳಿಗೂ ಸಂಬಂಧವೇ ಇರುವುದಿಲ್ಲ. ಬಳಿಕ ಸಾಗಣೆಯ ಪುಟ ತೆರೆಯಿರಿ: ದಿನಕ್ಕೆ ಎಷ್ಟು ಟಿಪ್ಪರ್, ಯಾವ ರಸ್ತೆ, ತಾಡಪಾಲು ಹೊದಿಸುತ್ತಾರೆಯೇ, ರಸ್ತೆಗೆ ಎಷ್ಟು ಸಲ ನೀರು ಚಿಮುಕಿಸುತ್ತಾರೆ, ಆ ನೀರನ್ನು ಎಲ್ಲಿಂದ ತರುತ್ತಾರೆ. ಅಂತರ್ಜಲ ಪಾತಾಳಕ್ಕೆ ಇಳಿದಿರುವ ಜಿಲ್ಲೆಯಲ್ಲಿ ದೂಳು ಅಡಗಿಸಲು ಹೊಸ ಬೋರ್‌ವೆಲ್ ಕೊರೆಯುವುದಾದರೆ ಒಂದು ಹಾನಿಯನ್ನು ತಡೆಯಲು ಇನ್ನೊಂದು ಹಾನಿ ಮಾಡಿದಂತೆ. ಕೊನೆಯದಾಗಿ ಹಳ್ಳ ಮತ್ತು ಕೆರೆಯ ನಕ್ಷೆ: ತ್ಯಾಜ್ಯ ಮಣ್ಣಿನ ದಿಬ್ಬದಿಂದ ಮಳೆಯ ನೀರು ಹರಿದು ಯಾವ ಹಳ್ಳ ಸೇರುತ್ತದೆ, ಆ ಹಳ್ಳ ಯಾವ ಕೆರೆಗೆ ಹೋಗುತ್ತದೆ ಎಂಬುದು ಅದರಲ್ಲಿ ಇರಬೇಕು. ಇಲ್ಲದಿದ್ದರೆ ಅದೇ ನಿಮ್ಮ ಮೊದಲ ಆಕ್ಷೇಪಣೆ.

ಆಕ್ಷೇಪಣೆಯನ್ನು ಬರವಣಿಗೆಯಲ್ಲಿ ಕೊಡಿ, ಪ್ರತಿಯ ಮೇಲೆ ಮೊಹರು ಮತ್ತು ದಿನಾಂಕ ಹಾಕಿಸಿಕೊಳ್ಳಿ. ‘ಗಣಿ ಬೇಡ’ ಎಂಬ ಒಂದು ಸಾಲಿಗಿಂತ ಸರ್ವೆ ನಂಬರ್, ಸಾಗಣೆ ರಸ್ತೆಯಿಂದ ತೋಟಕ್ಕಿರುವ ದೂರ, ಮರಗಳ ಸಂಖ್ಯೆ, ಕಳೆದ ಮೂರು ವರ್ಷಗಳಲ್ಲಿ ಮಂಡಿಗೆ ಹಾಕಿದ ಅಡಿಕೆಯ ಲೆಕ್ಕ ಇವಿಷ್ಟಿರುವ ಒಂದು ಪುಟಕ್ಕೆ ತೂಕ ಹೆಚ್ಚು. ಜಿಲ್ಲಾಧಿಕಾರಿ ಅಥವಾ ಅವರ ಪರವಾಗಿ ಅಪರ ಜಿಲ್ಲಾಧಿಕಾರಿ ದರ್ಜೆಗೆ ಕಡಿಮೆಯಿಲ್ಲದ ಅಧಿಕಾರಿ ಅಧ್ಯಕ್ಷತೆ ವಹಿಸುವ ಈ ಸಭೆಯಲ್ಲಿ ಮತದಾನವಿಲ್ಲ, ಕೋರಂ ಎಂಬುದೂ ಇಲ್ಲ. ಎಷ್ಟು ಜನ ಪರ, ಎಷ್ಟು ಜನ ವಿರೋಧ ಎಂಬುದು ಯೋಜನೆಯ ಹಣೆಬರಹ ಬರೆಯುವುದಿಲ್ಲ. ಸಭೆಯ ಕಲಾಪ ವಿಡಿಯೊ ಚಿತ್ರಣವಾಗುತ್ತದೆ, ನಡಾವಳಿಯನ್ನು ಅಲ್ಲಿಯೇ ಕನ್ನಡದಲ್ಲಿ ಓದಿ ಹೇಳಬೇಕು, ಎತ್ತಿದ ಪ್ರತಿಯೊಂದು ಆಕ್ಷೇಪಣೆಗೂ ಅರ್ಜಿದಾರ ಅಂತಿಮ ವರದಿಯಲ್ಲಿ ಉತ್ತರ ಕೊಡಬೇಕು. 2009ರಲ್ಲಿ ಗೋವಾದ ಗಣಿಯೊಂದರ ಪ್ರಕರಣದಲ್ಲಿ ದೆಹಲಿ ಹೈಕೋರ್ಟ್, ತಜ್ಞರ ಸಮಿತಿಯು ಜನರ ಆಕ್ಷೇಪಣೆಗಳನ್ನು ಪರಿಗಣಿಸಿದ್ದಕ್ಕೆ ಕಾರಣಸಹಿತ ದಾಖಲೆ ಇರಬೇಕೆಂದು ಹೇಳಿತು. ಮೊಹರು ಬಿದ್ದ ನಿಮ್ಮ ಪುಟಕ್ಕೆ ಉತ್ತರವೇ ಬಾರದಿದ್ದರೆ, ಮುಂದೆ ಮೇಲ್ಮನವಿಗೆ ಅದು ಆಧಾರವಾಗುತ್ತದೆ. ಕೂಗಿದ ಮಾತಿಗೆ ಆ ಬಲವಿಲ್ಲ.

ಅಭಿವೃದ್ಧಿಗೆ ಅಡ್ಡಗಾಲು ಎಂಬ ಆರೋಪದ ಬಗ್ಗೆ ಒಂದು ಮಾತು. ಈ ಜಿಲ್ಲೆಯಲ್ಲಿ ಗಣಿಗಾರಿಕೆಗೆ ನಿಜವಾದ ತಡೆ ಬಂದದ್ದು ರೈತರ ಆಕ್ಷೇಪಣೆಯಿಂದಲ್ಲ, ಗಣಿಗಾರರ ಮಿತಿಮೀರಿದ ಅಗೆತದಿಂದ. ಧಾರವಾಡದ ಸಮಾಜ ಪರಿವರ್ತನ ಸಮುದಾಯವು 2009ರಲ್ಲಿ ಸಲ್ಲಿಸಿದ ಅರ್ಜಿಯ ಮೇಲೆ ಸುಪ್ರೀಂ ಕೋರ್ಟ್ 2011ರ ಜುಲೈನಲ್ಲಿ ಬಳ್ಳಾರಿಯಲ್ಲೂ ಆಗಸ್ಟ್‌ನಲ್ಲಿ ಚಿತ್ರದುರ್ಗ ಮತ್ತು ತುಮಕೂರಿನಲ್ಲೂ ಅದಿರು ಗಣಿಗಾರಿಕೆಯನ್ನೇ ನಿಲ್ಲಿಸಿತು. 2013ರ ಏಪ್ರಿಲ್ 18ರ ತೀರ್ಪಿನಲ್ಲಿ ಗಣಿಗಳನ್ನು ಎ, ಬಿ, ಸಿ ಎಂದು ಅಕ್ರಮದ ಪ್ರಮಾಣಕ್ಕೆ ತಕ್ಕಂತೆ ವಿಂಗಡಿಸಿ, ‘ಸಿ’ ವರ್ಗದ ಗುತ್ತಿಗೆಗಳನ್ನು ರದ್ದುಪಡಿಸಿತು. ಉಳಿದವು ತಮ್ಮ ಗಣಿಯ ಪುನಶ್ಚೇತನ ಯೋಜನೆಯನ್ನು ಜಾರಿಗೊಳಿಸಿದ ಮೇಲಷ್ಟೇ ಕೆಲಸ ಆರಂಭಿಸಬೇಕಾಯಿತು. ಬಳ್ಳಾರಿಗೆ ವರ್ಷಕ್ಕೆ 2.5 ಕೋಟಿ ಟನ್, ಚಿತ್ರದುರ್ಗ–ತುಮಕೂರಿಗೆ ಒಟ್ಟಾಗಿ 50 ಲಕ್ಷ ಟನ್ ಎಂಬ ಮಿತಿಯೂ ಬಂತು. ನಂತರ ನಮ್ಮ ಭಾಗದ ಮಿತಿ 2017ರಲ್ಲಿ 70 ಲಕ್ಷಕ್ಕೆ, 2022ರಲ್ಲಿ 1.5 ಕೋಟಿ ಟನ್ನಿಗೆ ಏರಿದೆ. ಸುಸ್ಥಿರ ಅಭಿವೃದ್ಧಿ ಎಂಬ ಮಾತು ವೇದಿಕೆಗಳಲ್ಲಿ ಸವೆದುಹೋಗಿದೆಯಾದರೂ, ನೆಲದ ತಾಳಿಕೆಯನ್ನು ನೋಡಿ ವರ್ಷಕ್ಕೆ ಇಷ್ಟೇ ತೆಗೆಯಬೇಕು, ಮುಂದಿನವರಿಗೂ ಉಳಿಸಬೇಕು ಎಂದು ಟನ್ನುಗಳ ಲೆಕ್ಕದಲ್ಲಿ ನ್ಯಾಯಾಲಯವೊಂದು ಹೇಳಿದ್ದಕ್ಕೆ ಈ ಮಿತಿಗಿಂತ ಸ್ಪಷ್ಟವಾದ ಉದಾಹರಣೆ ನಮ್ಮ ನಾಡಿನಲ್ಲಿ ಸಿಗುವುದು ಕಷ್ಟ. ಮಿತಿ ಮೂರು ಪಟ್ಟಾಗಿರುವಾಗ ತೋಟದವರು ಹೆಚ್ಚು ಎಚ್ಚರದಿಂದ ಇರಬೇಕಾದುದು ಸಹಜ.

ಅನುಮತಿ ಸಿಕ್ಕಿತೆಂದೇ ಇಟ್ಟುಕೊಳ್ಳಿ. ಆಗ ಅನುಮತಿ ಪತ್ರದ ಪ್ರತಿಯನ್ನು ಗ್ರಾಮ ಪಂಚಾಯಿತಿಯಿಂದ ಪಡೆಯಿರಿ. ಅದರಲ್ಲಿರುವ ಷರತ್ತುಗಳೇ ನಿಮ್ಮ ಪಾಲಿನ ನಿಜವಾದ ಕಾನೂನು. ಷರತ್ತು ಪಾಲನೆಯ ವರದಿಯನ್ನು ಪ್ರತಿ ವರ್ಷ ಜೂನ್ 1 ಮತ್ತು ಡಿಸೆಂಬರ್ 1ರಂದು ಗಣಿಯವರು ಸಲ್ಲಿಸಬೇಕು. ‘ರಸ್ತೆಗೆ ನಿತ್ಯ ನೀರು ಚಿಮುಕಿಸಲಾಗುತ್ತಿದೆ’ ಎಂದು ವರದಿಯಲ್ಲಿದ್ದು, ನಿಮ್ಮ ಮೊಬೈಲಿನಲ್ಲಿ ದಿನಾಂಕಸಹಿತ ದೂಳಿನ ಚಿತ್ರಗಳಿದ್ದರೆ, ದೂರಿಗೆ ಬೇರೆ ಸಾಕ್ಷಿ ಹುಡುಕಬೇಕಿಲ್ಲ. ಇನ್ನು, ಗಣಿ ಕಾಯ್ದೆಯ 2015ರ ತಿದ್ದುಪಡಿಯಂತೆ ಹಳೆಯ ಗುತ್ತಿಗೆದಾರರು ರಾಜಧನದ ಶೇ 30ರಷ್ಟನ್ನು, ಹರಾಜಿನಲ್ಲಿ ಗಣಿ ಪಡೆದವರು ಶೇ 10ರಷ್ಟನ್ನು ಜಿಲ್ಲಾ ಖನಿಜ ಪ್ರತಿಷ್ಠಾನಕ್ಕೆ ಕಟ್ಟುತ್ತಾರೆ. ಆ ಹಣ ಮೊದಲು ಹೋಗಬೇಕಾದುದು ಗಣಿಬಾಧಿತ ಊರುಗಳ ಕುಡಿಯುವ ನೀರು, ಆರೋಗ್ಯ, ಮಾಲಿನ್ಯ ತಡೆಗೆ. ನಿಮ್ಮೂರಿಗೆ ಎಷ್ಟು ಬಂತು, ಅದರಲ್ಲಿ ಕಾಂಪೌಂಡು–ಕಮಾನುಗಳಿಗೆ ಎಷ್ಟು ಹೋಯಿತು ಎಂದು ಗ್ರಾಮಸಭೆಯಲ್ಲಿ ಕೇಳಲು ಯಾರ ಅಪ್ಪಣೆಯೂ ಬೇಕಿಲ್ಲ.

ಪ್ರಶ್ನೆ: ನಮ್ಮ ಮನೆ ಮಂಡಕ್ಕಿ ಭಟ್ಟಿಗಳ ಸಮೀಪದಲ್ಲಿದೆ. ಬೆಳಗಿನ ಜಾವದ ಹೊಗೆಗೆ ಕಿಟಕಿ ತೆರೆಯಲಾಗುವುದಿಲ್ಲ, ತೊಳೆದು ಹರವಿದ ಬಟ್ಟೆಯ ಮೇಲೆ ಕರಿ ಕೂರುತ್ತದೆ. ದೂರು ಕೊಡೋಣವೆಂದರೆ ಭಟ್ಟಿಯಲ್ಲಿ ದುಡಿಯುವವರು ನಮ್ಮ ಬೀದಿಯವರೇ. ಅವರ ಅನ್ನ ಕಿತ್ತುಕೊಂಡಂತಾಗುತ್ತದೆಂಬ ಅಳುಕು. ಸಣ್ಣ ಉದ್ದಿಮೆಗಳಿಗೆ ಕಾನೂನಿನಲ್ಲಿ ವಿನಾಯಿತಿ ಇದೆಯೇ? (ದಾವಣಗೆರೆ ನಗರ)

ಉತ್ತರ: ನಿಮ್ಮ ಅಳುಕು ಗೌರವಿಸಬೇಕಾದುದು. ಆದರೆ ಆ ಹೊಗೆಯನ್ನು ಎಲ್ಲರಿಗಿಂತ ಹೆಚ್ಚು ನುಂಗುವವರು ಒಲೆಯ ಬಾಯಿಗೆ ಹೊಟ್ಟು ತಳ್ಳುತ್ತಾ, ಕಾದ ಮರಳಿನಲ್ಲಿ ಅಕ್ಕಿ ಹುರಿಯುತ್ತಾ ನಿಂತಿರುವ ಅದೇ ಕಾರ್ಮಿಕರು ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ.

ಸಣ್ಣ ಉದ್ದಿಮೆ, ಉದ್ಯೋಗ ಕೊಡುತ್ತದೆ ಎಂಬ ಕಾರಣಕ್ಕೆ ಮಾಲಿನ್ಯಕ್ಕೆ ಮಾಫಿ ಇಲ್ಲ. ತಮಿಳುನಾಡಿನ ವೆಲ್ಲೂರು ಭಾಗದ ಚರ್ಮ ಹದಮಾಡುವ ಘಟಕಗಳು ಪಾಲಾರ್ ನದಿಯ ಸುತ್ತಲ ನೀರನ್ನು ಕೆಡಿಸಿದ ಪ್ರಕರಣದಲ್ಲಿ 1996ರ ಆಗಸ್ಟ್ 28ರಂದು ಸುಪ್ರೀಂ ಕೋರ್ಟ್, ಆ ಉದ್ಯಮ ವಿದೇಶಿ ವಿನಿಮಯ ಮತ್ತು ಉದ್ಯೋಗ ತರುತ್ತದೆಂಬುದನ್ನು ಒಪ್ಪಿಕೊಂಡೇ, ಪರಿಸರ ಕೆಡಿಸುವ ಹಕ್ಕು ಅದಕ್ಕಿಲ್ಲವೆಂದಿತು. ಹಾನಿಯ ಪೂರ್ಣ ಖಚಿತತೆ ಸಿಗುವವರೆಗೆ ಕಾಯದೆ ತಡೆಯಬೇಕೆಂಬ ಮುನ್ನೆಚ್ಚರಿಕೆಯ ತತ್ವವೂ, ಕೆಡಿಸಿದವರೇ ಸರಿಪಡಿಸುವ ವೆಚ್ಚ ಭರಿಸಬೇಕೆಂಬ ತತ್ವವೂ ನಮ್ಮ ನೆಲದ ಕಾನೂನಿನ ಭಾಗ ಎಂದು ಆ ತೀರ್ಪು ಸಾರಿತು. 2010ರ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಕಾಯ್ದೆಯ 20ನೇ ಕಲಮಿನಲ್ಲಿ ಈ ತತ್ವಗಳು ಸುಸ್ಥಿರ ಅಭಿವೃದ್ಧಿಯ ಜೊತೆಗೇ ಅಕ್ಷರರೂಪ ಪಡೆದಿವೆ.

ನಿಮ್ಮ ದೂರು ‘ಭಟ್ಟಿ ಮುಚ್ಚಿಸಿ’ ಎಂಬುದಾಗಿರಬೇಕಿಲ್ಲ. 1981ರ ವಾಯು ಕಾಯ್ದೆಯಡಿ ಘಟಕಕ್ಕೆ ಮಾಲಿನ್ಯ ನಿಯಂತ್ರಣ ಮಂಡಳಿಯ ಸಮ್ಮತಿ ಇದೆಯೇ, ಸಮ್ಮತಿ ಪತ್ರದಲ್ಲಿ ಹೇಳಿದ ಎತ್ತರದ ಚಿಮಣಿ ಇದೆಯೇ, ಒಲೆಗೆ ಹಾಕುತ್ತಿರುವುದು ಭತ್ತದ ಹೊಟ್ಟೋ ಹಳೆಯ ಟೈರಿನ ತುಂಡುಗಳೋ, ಇವಿಷ್ಟನ್ನು ಪರಿಶೀಲಿಸಿ ಎಂದು ಮಂಡಳಿಯ ಪ್ರಾದೇಶಿಕ ಅಧಿಕಾರಿಗೆ ಬರೆಯಿರಿ, ಮಹಾನಗರ ಪಾಲಿಕೆಗೂ ಪ್ರತಿ ಕೊಡಿ. ಟೈರ್ ಸುಡುವುದು ಹೊಟ್ಟು ಸುಡುವುದಕ್ಕಿಂತ ಬೇರೆಯದೇ ಅಪಾಯ. ವಾಯು ಮಾಲಿನ್ಯ ನಿಯಂತ್ರಣ ಪ್ರದೇಶದಲ್ಲಿ ಇಂಥ ಇಂಧನವನ್ನು ಬಳಸಲೇಬಾರದೆಂದು ಅಧಿಸೂಚನೆ ಹೊರಡಿಸುವ ಅಧಿಕಾರ 19ನೇ ಕಲಮಿನಡಿ ರಾಜ್ಯ ಸರ್ಕಾರಕ್ಕಿದೆ.

ಪಾಲಿಕೆಯನ್ನು ಹೆಸರಿಸಿದ್ದಕ್ಕೆ ಕಾರಣವಿದೆ. 2019ರಲ್ಲಿ ಆರಂಭವಾದ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮದಲ್ಲಿ ಕರ್ನಾಟಕದಿಂದ ಸೇರಿದ ನಾಲ್ಕು ನಗರಗಳೆಂದರೆ ಬೆಂಗಳೂರು, ಹುಬ್ಬಳ್ಳಿ–ಧಾರವಾಡ, ಕಲಬುರಗಿ ಮತ್ತು ದಾವಣಗೆರೆ. ಅಂದರೆ ನಿಮ್ಮ ನಗರದ ಗಾಳಿ ರಾಷ್ಟ್ರೀಯ ಮಾನದಂಡ ಮುಟ್ಟಿಲ್ಲವೆಂದು ಸರ್ಕಾರವೇ ಒಪ್ಪಿಕೊಂಡಿದೆ. 10 ಮೈಕ್ರಾನ್‌ವರೆಗಿನ ದೂಳಿಗೆ ಆ ಮಾನದಂಡ ಘನ ಮೀಟರ್‌ಗೆ ವಾರ್ಷಿಕ ಸರಾಸರಿ 60 ಮೈಕ್ರೊಗ್ರಾಂ. ಕಾರ್ಯಕ್ರಮದಡಿ ನಗರಕ್ಕೊಂದು ಕ್ರಿಯಾಯೋಜನೆ ಇರುತ್ತದೆ, ಅನುದಾನವೂ ಇರುತ್ತದೆ. ಆ ಹಣದಲ್ಲಿ ರಸ್ತೆ ಗುಡಿಸುವ ಯಂತ್ರ ಕೊಂಡರೆ ತಪ್ಪಲ್ಲ. ಭಟ್ಟಿಗಳಿಗೆ ಹೊಗೆ ಕಡಿಮೆ ಮಾಡುವ ಸುಧಾರಿತ ಒಲೆ ಒದಗಿಸಲು ಒಂದಷ್ಟನ್ನು ಇಟ್ಟರೆ ಮಾತ್ರ ನಿಮ್ಮ ಬೀದಿಯ ಗಾಳಿಯೂ ಅಲ್ಲಿನವರ ದುಡಿಮೆಯೂ ಒಟ್ಟಿಗೆ ಉಳಿಯುತ್ತವೆ. ವಾರ್ಡಿನವರೆಲ್ಲ ಸಹಿ ಮಾಡಿ ಕೇಳಬೇಕಾದ ಬೇಡಿಕೆ ಇದು.

ಪ್ರಶ್ನೆ: ನಾವು ತಲೆತಲಾಂತರದಿಂದ ಕುರಿ ಸಾಕುವವರು. ಊರ ಪಕ್ಕದ ಹುಲ್ಲುಗಾವಲನ್ನು ಸೋಲಾರ್ ಕಂಪನಿಗೆ ಕೊಡುತ್ತಾರೆಂದು ಸುದ್ದಿ. ಕೇಳಿದರೆ ‘ಇದು ಕಾಡಲ್ಲ, ಪಾಳುಭೂಮಿ; ಸೋಲಾರ್ ಪರಿಸರಸ್ನೇಹಿ, ಅದಕ್ಕೆ ಪರಿಸರ ಅನುಮತಿಯೇ ಬೇಡ’ ಎನ್ನುತ್ತಾರೆ. ನಿಜವೇ ಸಾರ್? (ಚಳ್ಳಕೆರೆ ತಾಲ್ಲೂಕು)

ಉತ್ತರ: ಎರಡನೆಯ ಮಾತು ನಿಜ, ಮೊದಲನೆಯದನ್ನು ದಾಖಲೆ ನೋಡದೆ ಒಪ್ಪಬೇಡಿ.

2006ರ ಅಧಿಸೂಚನೆಯ ಅನುಸೂಚಿಯಲ್ಲಿ ಸೋಲಾರ್ ಫಲಕಗಳ ವಿದ್ಯುತ್ ಘಟಕವೂ ಇಲ್ಲ, ಚಿತ್ರದುರ್ಗದ ಗುಡ್ಡಸಾಲಿನ ಮೇಲೆ ನೀವು ನೋಡುವ ಗಾಳಿಯಂತ್ರಗಳೂ ಇಲ್ಲ. ಮಾಲಿನ್ಯ ಮಂಡಳಿಗಳ ವರ್ಗೀಕರಣದಲ್ಲಿ ಇವು ‘ಬಿಳಿ’ ವರ್ಗ, ಸಮ್ಮತಿಯ ಬದಲು ಮಾಹಿತಿ ಕೊಟ್ಟರೆ ಸಾಕು. ಮೌಲ್ಯಮಾಪನವಿಲ್ಲದ ಕಾರಣ ಸಾರ್ವಜನಿಕ ಆಲಿಕೆಯೂ ಇಲ್ಲ. ಕಲ್ಲಿದ್ದಲಿನ ಹೊಗೆಗೆ ಹೋಲಿಸಿದರೆ ಈ ವಿನಾಯಿತಿಗೆ ಅರ್ಥವಿದೆ. ಆದರೆ ಸಾವಿರಾರು ಎಕರೆಗೆ ಒಮ್ಮೆಗೇ ಬೇಲಿ ಬೀಳುವಾಗ ಹೊಗೆ ಬರುವುದಿಲ್ಲವೆಂಬ ಒಂದೇ ಕಾರಣಕ್ಕೆ ಅಲ್ಲಿ ಮೇಯುವವರ ಮಾತನ್ನೇ ಕೇಳದಿರುವುದು ಸರಿಯಲ್ಲ, ಇದು ತಿದ್ದಬೇಕಾದ ನೀತಿ ಎಂಬುದು ಈ ಅಂಕಣಕಾರನ ಅಭಿಪ್ರಾಯ.

ಹಾಗಾಗಿ ನೀವು ಹಿಡಿಯಬೇಕಾದ ದಾರಿ ಭೂದಾಖಲೆಯದು. ತಹಶೀಲ್ದಾರ್ ಕಚೇರಿಯಿಂದ ಆ ಸರ್ವೆ ನಂಬರಿನ ಪಹಣಿ ತೆಗೆಸಿ, ಅದು ಗೋಮಾಳವೋ, ಅಮೃತ ಮಹಲ್ ಕಾವಲೋ (ಅಮೃತ ಮಹಲ್ ತಳಿಯ ದನಗಳಿಗೆಂದು ಕಾದಿರಿಸಿದ ಹುಲ್ಲುಗಾವಲು), ಅರಣ್ಯ ಇಲಾಖೆಯ ಹೆಸರಿನಲ್ಲಿದೆಯೋ ನೋಡಿ. ಗೋಮಾಳವಾದರೆ, ಕರ್ನಾಟಕ ಭೂಕಂದಾಯ ನಿಯಮಗಳ 97ನೇ ನಿಯಮದಂತೆ ಊರಿನ ಪ್ರತಿ 100 ಜಾನುವಾರುಗಳಿಗೆ 12 ಹೆಕ್ಟೇರ್, ಅಂದರೆ ಸುಮಾರು 30 ಎಕರೆ ಹುಲ್ಲುಗಾವಲು ಕಾದಿರಿಸಬೇಕೆಂಬುದು ಅಳತೆಗೋಲು. ಪಶುಗಣತಿಯ ಅಂಕಿ ಹಿಡಿದು ಲೆಕ್ಕ ಹಾಕಿ. ಕಾಡು ಎಂಬುದಕ್ಕೆ ನಿಘಂಟಿನ ಅರ್ಥವೇ ಅನ್ವಯವೆಂದು 1996ರ ಡಿಸೆಂಬರ್ 12ರಂದು ಗೋದಾವರ್ಮನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತ್ತು. ಅರಣ್ಯ ಸಂರಕ್ಷಣಾ ಕಾಯ್ದೆಯ 2023ರ ತಿದ್ದುಪಡಿ ಅದನ್ನು ದಾಖಲೆಯಲ್ಲಿರುವ ಕಾಡಿಗೆ ಸೀಮಿತಗೊಳಿಸಲು ಹೊರಟಾಗ, ಅದೇ ಕೋರ್ಟ್‌ನ 2024ರ ಫೆಬ್ರುವರಿಯ ಮಧ್ಯಂತರ ಆದೇಶವು ಹಳೆಯ ಅರ್ಥವನ್ನೇ ಸದ್ಯಕ್ಕೆ ಪಾಲಿಸುವಂತೆ ಸೂಚಿಸಿದೆ. ಹಾಗೆಂದು ಬಯಲು ಹುಲ್ಲುಗಾವಲಿಗೆ ಈ ಆದೇಶದ ರಕ್ಷಣೆ ತಾನಾಗಿ ಸಿಗುತ್ತದೆಂದು ನಂಬಿ ಕೂರುವಂತಿಲ್ಲ. ಮರವಿಲ್ಲದ ನೆಲವನ್ನು ಪಾಳು ಎನ್ನುವ ಅಭ್ಯಾಸ ನಮ್ಮ ಕಂದಾಯ ಭಾಷೆಯಲ್ಲೇ ಬೇರೂರಿದೆ.

ನಿಮ್ಮ ತಾಲ್ಲೂಕಿನ ಅನುಭವವೇ ಪಾಠ. ರಕ್ಷಣಾ ಮತ್ತು ವಿಜ್ಞಾನ ಸಂಸ್ಥೆಗಳಿಗೆ ಅಮೃತ ಮಹಲ್ ಕಾವಲು ಭೂಮಿಯನ್ನು ಮಂಜೂರು ಮಾಡಿ ವರ್ಷಗಳು ಕಳೆದ ಮೇಲೆ ಆ ವಿವಾದ ಹಸಿರು ನ್ಯಾಯಮಂಡಳಿಯ ಚೆನ್ನೈ ಪೀಠದ ಮುಂದೆ ಬಂತು. ಪೀಠ ಪರಿಶೀಲನೆ ನಡೆಸಿತಾದರೂ ಆ ಸಂಸ್ಥೆಗಳಿಗೆ ಕೊಟ್ಟ ಭೂಮಿಯನ್ನು ಹಿಂತಿರುಗಿಸಲಿಲ್ಲ. ಮಂಜೂರಾತಿಯ ಪ್ರಸ್ತಾವ ಕಡತದಲ್ಲಿರುವಾಗಲೇ ಗ್ರಾಮಸಭೆಯ ನಿರ್ಣಯ ಮಾಡಿ, ಜಿಲ್ಲಾಧಿಕಾರಿಗೆ ಆಕ್ಷೇಪಣೆ ಕೊಡಿ. ಊರ ಸಾಮೂಹಿಕ ಭೂಮಿಯನ್ನು ಕಾಪಾಡಬೇಕೆಂದು 2011ರ ಜನವರಿಯಲ್ಲಿ ಜಗಪಾಲ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಎಲ್ಲ ರಾಜ್ಯಗಳಿಗೂ ಹೇಳಿರುವುದನ್ನು ಆ ನಿರ್ಣಯದಲ್ಲಿ ಉಲ್ಲೇಖಿಸಿ.

ಪ್ರಶ್ನೆ: ಸೂಳೆಕೆರೆಗೆ ಜೌಗುಪ್ರದೇಶ ನಿಯಮಗಳ ರಕ್ಷಣೆ ಇದೆಯಲ್ಲವೇ? ಹಾಗಿದ್ದರೂ ಅಂಚಿನ ಒತ್ತುವರಿ ಏಕೆ ನಿಲ್ಲುತ್ತಿಲ್ಲ? (ಚನ್ನಗಿರಿ ತಾಲ್ಲೂಕು)

ಉತ್ತರ: 2017ರ ಜೌಗುಪ್ರದೇಶ ನಿಯಮಗಳು ನೀರಾವರಿಗಾಗಿಯೇ ಅಥವಾ ಕುಡಿಯುವ ನೀರಿಗಾಗಿಯೇ ಮನುಷ್ಯರು ಕಟ್ಟಿದ ಕೆರೆಗಳನ್ನು ತಮ್ಮ ವ್ಯಾಖ್ಯೆಯಿಂದ ಹೊರಗಿಟ್ಟಿವೆ. ಶತಮಾನಗಳ ಹಿಂದೆ ಕಟ್ಟಿದ ಶಾಂತಿಸಾಗರ, ಅಂದರೆ ನಿಮ್ಮ ಸೂಳೆಕೆರೆ, ಈ ಅಪವಾದದೊಳಗೆ ಬೀಳುತ್ತದೆಂಬ ವಾದಕ್ಕೆ ಅವಕಾಶವಿದೆ. ಆದ್ದರಿಂದ 2014ರ ಕರ್ನಾಟಕ ಕೆರೆ ಸಂರಕ್ಷಣೆ ಮತ್ತು ಅಭಿವೃದ್ಧಿ ಪ್ರಾಧಿಕಾರ ಕಾಯ್ದೆ ಹಾಗೂ ಭೂಕಂದಾಯ ಕಾಯ್ದೆಗಳ ಮೇಲೆ ನಿಲ್ಲುವುದು ಹೆಚ್ಚು ಭದ್ರ. ಎರಡಕ್ಕೂ ಮೊದಲು ಬೇಕಾದುದು ಗಡಿ ಗುರುತಿಸಿದ ಸರ್ವೆ ನಕ್ಷೆ. ಅದರ ದೃಢೀಕೃತ ಪ್ರತಿಯನ್ನು ಮಾಹಿತಿ ಹಕ್ಕಿನಡಿ 10 ರೂಪಾಯಿ ಶುಲ್ಕ ಕಟ್ಟಿ ಕೇಳಿ, 30 ದಿನಗಳಲ್ಲಿ ಉತ್ತರ ಬರಬೇಕು.

ಪ್ರಶ್ನೆ: ನಮ್ಮ ಹೊಲದ ಪಕ್ಕ ಕಲ್ಲುಕ್ವಾರಿ ಮತ್ತು ಕ್ರಷರ್ ಶುರುವಾಗಿವೆ. ‘ಕಾಗದಪತ್ರ ಆಮೇಲೆ ಆಗುತ್ತೆ’ ಎಂದು ಮಾಲೀಕರೇ ಹೇಳುತ್ತಾರೆ. ಜೋಳದ ಸುಳಿಯೊಳಗೆಲ್ಲ ಬಿಳಿ ಪುಡಿ. ಸ್ಥಳೀಯ ಕಚೇರಿಗೆ ಕೊಟ್ಟ ಅರ್ಜಿಗೆ ಉತ್ತರವಿಲ್ಲ. ಹಸಿರು ನ್ಯಾಯಮಂಡಳಿಗೆ ಹೋಗಲು ಲಕ್ಷಗಟ್ಟಲೆ ಖರ್ಚಾಗುತ್ತದೆಯೇ? ಚೆನ್ನೈಗೆ ಓಡಾಡುವ ಶಕ್ತಿ ನಮಗಿಲ್ಲ. (ಜಗಳೂರು ತಾಲ್ಲೂಕು)

ಉತ್ತರ: ಕ್ವಾರಿ ಮತ್ತು ಕ್ರಷರ್ ಕಾನೂನಿನ ಕಣ್ಣಿನಲ್ಲಿ ಎರಡು ಬೇರೆ ಘಟಕಗಳು, ದೂರಿನಲ್ಲೂ ಬೇರೆಬೇರೆಯಾಗಿಯೇ ಬರೆಯಿರಿ. ಕ್ವಾರಿ ಐದು ಹೆಕ್ಟೇರ್‌ಗಿಂತ ಚಿಕ್ಕದಾದರೂ ಪರಿಸರ ಅನುಮತಿ ಬೇಕೆಂದು 2012ರ ಫೆಬ್ರುವರಿಯಲ್ಲಿ ದೀಪಕ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಕ್ರಷರ್‌ಗೆ ಮಾಲಿನ್ಯ ಮಂಡಳಿಯ ಸಮ್ಮತಿಯ ಜೊತೆಗೆ, 2011ರ ಕರ್ನಾಟಕ ಕಲ್ಲು ಪುಡಿ ಮಾಡುವ ಘಟಕಗಳ ನಿಯಂತ್ರಣ ಕಾಯ್ದೆಯಡಿ ಜಿಲ್ಲಾಮಟ್ಟದ ಪ್ರಾಧಿಕಾರದ ಪರವಾನಗಿ ಬೇಕು. ನಿಮ್ಮ ತಾಲ್ಲೂಕಿನಲ್ಲಿ ರಂಗಯ್ಯನದುರ್ಗದ ಕೊಂಡುಕುರಿ ವನ್ಯಜೀವಿಧಾಮವಿರುವುದರಿಂದ, ಜಾಗ ಅದರ ಸಮೀಪದ್ದಾದರೆ ಅರಣ್ಯ ಇಲಾಖೆಗೂ ಒಂದು ಪ್ರತಿ ಹೋಗಲಿ.

‘ಕಾಗದಪತ್ರ ಆಮೇಲೆ’ ಎಂಬ ಮಾತಿನ ಹಿಂದೆ ದೊಡ್ಡ ಕಥೆಯೇ ಇದೆ. ಕೆಲಸ ಆರಂಭಿಸಿದ ಮೇಲೆ ಪರಿಸರ ಅನುಮತಿ ಕೊಡುವ ಪದ್ಧತಿಯನ್ನು 2025ರ ಮೇ 16ರಂದು ವನಶಕ್ತಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಕಾನೂನುಬಾಹಿರವೆಂದು ತಳ್ಳಿಹಾಕಿತು. ಅದೇ ವರ್ಷದ ನವೆಂಬರ್ 18ರಂದು ಮೂವರ ಪೀಠ, ಒಬ್ಬ ನ್ಯಾಯಮೂರ್ತಿಯ ಬಲವಾದ ಭಿನ್ನಮತದ ನಡುವೆ, ಆ ತೀರ್ಪನ್ನು ಹಿಂತೆಗೆದುಕೊಂಡಿತು. ಅನುಮತಿ ಮೊದಲು, ಕೆಲಸ ಆಮೇಲೆ ಎಂಬ ಮೂಲ ನಿಯಮ ಇದರಿಂದ ಅಳಿಸಿಹೋಗಿಲ್ಲವಾದರೂ, ಮೊದಲು ಕಟ್ಟಿ ಬಳಿಕ ದಂಡ ತೆತ್ತು ಸಕ್ರಮ ಮಾಡಿಕೊಳ್ಳುವ ಧೈರ್ಯ ಉದ್ಯಮಿಗಳಲ್ಲಿ ಮತ್ತೆ ಹೆಚ್ಚಿದರೆ ಅಚ್ಚರಿಯಿಲ್ಲ. ಜನ ವಿಶ್ವಾಸ್ ಕಾಯ್ದೆಯ ನಂತರ, 2024ರ ಏಪ್ರಿಲ್ 1ರಿಂದ, ಪರಿಸರ ಸಂರಕ್ಷಣಾ ಕಾಯ್ದೆಯ ಹೆಚ್ಚಿನ ಉಲ್ಲಂಘನೆಗಳಿಗೆ ಜೈಲಿನ ಬದಲು 10 ಸಾವಿರದಿಂದ 15 ಲಕ್ಷ ರೂಪಾಯಿವರೆಗಿನ ದಂಡವಷ್ಟೇ ಇದೆ. ಸಣ್ಣವನಿಗೆ ಇದು ಹೊರೆ, ದೊಡ್ಡವನಿಗೆ ವ್ಯಾಪಾರದ ಖರ್ಚಿನಲ್ಲಿ ಒಂದು ಬಾಬ್ತು.

ಇನ್ನು ಖರ್ಚಿನ ಮಾತು. ಪರಿಹಾರಧನ ಕೇಳದೆ, ಕ್ರಮವನ್ನಷ್ಟೇ ಕೋರುವ ಅರ್ಜಿಗೆ ನ್ಯಾಯಮಂಡಳಿಯ ಶುಲ್ಕ 1,000 ರೂಪಾಯಿ. ಪರಿಹಾರ ಕೇಳಿದರೆ ಕೇಳಿದ ಮೊತ್ತದ ಶೇ 1. ಅರ್ಜಿಯನ್ನು ಆನ್‌ಲೈನ್‌ನಲ್ಲಿ ಸಲ್ಲಿಸಬಹುದು, ವಿಚಾರಣೆಗೆ ವಿಡಿಯೊ ಮೂಲಕ ಹಾಜರಾಗುವ ವ್ಯವಸ್ಥೆಯೂ ಇದೆ. ಕಲಾಪ ಇಂಗ್ಲಿಷ್‌ನಲ್ಲಿ ನಡೆಯುವುದರಿಂದ ಕನ್ನಡದ ದಾಖಲೆಗಳಿಗೆ ಅನುವಾದ ಬೇಕಾಗುತ್ತದೆ, ಅಸಲಿ ಖರ್ಚು ಅಲ್ಲಿಯೇ. ಅದಕ್ಕಿಂತ ಮುಖ್ಯವಾದುದು ಗಡುವು: ವಿವಾದಕ್ಕೆ ಕಾರಣ ಹುಟ್ಟಿದ ದಿನದಿಂದ ಆರು ತಿಂಗಳು, ಪರಿಹಾರಕ್ಕಾದರೆ ಐದು ವರ್ಷ, ಕೊಟ್ಟ ಪರಿಸರ ಅನುಮತಿಯನ್ನು ಪ್ರಶ್ನಿಸುವ ಮೇಲ್ಮನವಿಗಾದರೆ ಬರಿಯ 30 ದಿನ. ಸಕಾರಣ ತೋರಿಸಿದರೆ ಮೂರಕ್ಕೂ 60 ದಿನ ಹೆಚ್ಚುವರಿ ಸಿಗಬಹುದು, ಆಮೇಲೆ ಬಾಗಿಲು ಮುಚ್ಚಿತು. ಕಚೇರಿಯ ಉತ್ತರಕ್ಕೆ ಕಾಯುತ್ತಾ ಈ ಗಡುವನ್ನು ಕಳೆದುಕೊಳ್ಳುವವರೇ ಹೆಚ್ಚು; ಉತ್ತರ ಬಂದಿಲ್ಲವೆಂಬುದು ಗಡುವನ್ನು ನಿಲ್ಲಿಸುವುದಿಲ್ಲ.

ದಾವಣಗೆರೆಯ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರವನ್ನು ಈ ವಾರವೇ ಕಾಣಿರಿ. ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು ಆದಾಯ ಎಷ್ಟೇ ಇರಲಿ 1987ರ ಕಾಯ್ದೆಯಂತೆ ಉಚಿತ ವಕೀಲರಿಗೆ ಅರ್ಹರು, ಉಳಿದವರಿಗೆ ಆದಾಯದ ಮಿತಿ ಇದೆ. ಪುಡಿ ಕೂತ ಜೋಳದ ಚಿತ್ರಗಳು, ಹೊಲದ ಪಹಣಿ, ಮೊದಲ ಅರ್ಜಿಯ ಸ್ವೀಕೃತಿ, ಕ್ರಷರ್ ಶುರುವಾದ ದಿನಾಂಕ ಬರೆದ ಕಾಗದ ಇವಿಷ್ಟನ್ನು ಜೊತೆಗೆ ಒಯ್ಯಿರಿ. ಅಕ್ಕಪಕ್ಕದ ಹೊಲದವರು ಇಬ್ಬರು ಮೂವರು ಸೇರಿ ಹೋದರೆ, ಒಂದೇ ಅರ್ಜಿಯಲ್ಲಿ ಎಲ್ಲರ ಹೆಸರೂ ಸೇರಿಸಬಹುದೇ ಎಂದು ಅಲ್ಲಿಯೇ ವಕೀಲರನ್ನು ಕೇಳಿ ತಿಳಿಯಬಹುದು.